ಎರಡನೆಯ ಕಿವಿ

ಅವರ ಎಡಗೈ ಯಾವಾಗಲೂ ಪ್ಯಾಂಟಿನ ಕಿಸೆಯಲ್ಲಿರುತ್ತಿತ್ತು. ಬಸ್ಸಿಗೆ ಕಾಯುವಾಗಲೂ ಅಷ್ಟೇ, ಚಹಾ ಕುಡಿಯುವಾಗಲೂ ಅಷ್ಟೇ. ಒಮ್ಮೆ ಯಾರದೋ ಮದುವೆಯಲ್ಲಿ ಒಂದೇ ಕೈಯಿಂದ ಅಕ್ಕಿಕಾಳು ಹಾಕಿದ್ದಕ್ಕೆ ಬೀಗರ ಕಡೆಯವರು ಮುನಿಸಿಕೊಂಡಿದ್ದರಂತೆ. ಅಣ್ಣಿಗೇರಿಯಲ್ಲಿ ಅನೇಕರು ಅದನ್ನು ಸೊಕ್ಕು ಎಂದೇ ತಿಳಿದಿದ್ದರು. ನಿಜವೆಂದರೆ ಅದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಕೈಯ ರೂಢಿ. ಗೊತ್ತಿಲ್ಲದ ತಂತಿಯನ್ನು ಒಂದೇ ಕೈಯಿಂದ ಮುಟ್ಟಬೇಕು, ಇನ್ನೊಂದು ಕಿಸೆಯಲ್ಲಿರಬೇಕು. ಎರಡೂ ಕೈ ತಾಗಿದರೆ ಕರೆಂಟು ಎದೆಯನ್ನು ಹಾಯ್ದು ಹೋಗುತ್ತದೆ. ನೌಕರಿಗೆ ಸೇರಿದ ಹೊಸದರಲ್ಲಿ ಹಳೆಯ ಲೈನ್‌ಮನ್ ಒಬ್ಬ ಕಲಿಸಿದ ಪಾಠವಿದು. ನೌಕರಿ ಮುಗಿದರೂ ಕೈ ಅದನ್ನು ಮರೆಯಲಿಲ್ಲ.

"ಮದ್ಲ ಕೈ ಕಿಸೇದಾಗ ಇಡು, ವಿಚಾರ ಆಮ್ಯಾಲ ಮಾಡು" ಎಂದು ನನಗೂ ಹೇಳುತ್ತಿದ್ದರು.

ಈಗ ಅವರಿಲ್ಲ. ಸಂಕ್ರಮಣವಾಗಿ ಒಂದು ವಾರಕ್ಕೆ, ನಿದ್ದೆಯಲ್ಲೇ ಹೋದರು. ಆ ಸಾವಿಗೂ ನಾನು ಹೇಳಹೊರಟಿರುವ ಬೆಳಗಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆ ಮಾತನ್ನು ನಾನು ದಿನಕ್ಕೊಮ್ಮೆಯಾದರೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಅವರು ನನಗೆ ಪರಿಚಯವಾದದ್ದು ಒಂದು ತಕರಾರಿನಿಂದ. ಬಿಎಸ್ಸಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ನಾನು ಅಣ್ಣಿಗೇರಿಯಲ್ಲಿ ಝಟಕಾ ಮಷಿನ್ ಮಾರುವ ಮತ್ತು ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದೇನೆ. ಹೊಲದ ಸುತ್ತ ತಂತಿ ಎಳೆದು ಈ ಪೆಟ್ಟಿಗೆ ಜೋಡಿಸಿದರೆ, ಬ್ಯಾಟರಿಯ ಬಲದಿಂದ ಅದು ಸೆಕೆಂಡಿಗೊಮ್ಮೆ ಚುರುಕ್ಕೆಂದು ಒಂದು ಪೆಟ್ಟು ಕೊಡುತ್ತದೆ. ಹಂದಿ ಚಿಗರಿಗಳು ಬೆದರಿ ಓಡುತ್ತವೆ. ಮನುಷ್ಯ ತಾಗಿದರೂ ಕೈ ಜಾಡಿಸಿ ಬೈಯುತ್ತಾನೆಯೇ ಹೊರತು ಸಾಯುವುದಿಲ್ಲ. ಒಂದು ದಿನ ಮಧ್ಯಾಹ್ನ, ಊರವರೆಲ್ಲ ಕಾಕಾ ಎನ್ನುತ್ತಿದ್ದ ಅವರು ಬಂದು ಕಟ್ಟೆಯ ಮೇಲೆ ಕುಳಿತು ಗೋಡೆಗೆ ತೂಗುಹಾಕಿದ್ದ ಮಷಿನ್ನುಗಳನ್ನು ಒಂದೊಂದಾಗಿ ನೋಡಿದರು.

"ನಮ್ಮ ಹೊಲದ ಬಾಜೂಕಿನವಗ ಇದನ್ನ ನೀನ ಕೊಟ್ಟೀಯೇನು ತಮ್ಮಾ?"

"ಹೌದ್ರಿ ಕಾಕಾ. ಯಾಕ್ರಿ, ಕೆಲಸ ಮಾಡವಲ್ದೇನ್ರಿ?"

"ಅಗದಿ ಛಲೋ ಮಾಡ್ತೈತಿ. ಅದ ನೋಡು ತ್ರಾಸು. ನಸಿಕಿನ್ಯಾಗ ರೇಡಿಯೋ ಹಚ್ಚಿದ್ರ ಟಿಕ್ ಟಿಕ್ ಅಂತ ಒಂದ ಸವನ ಬಡಕೊಳ್ತೈತಿ. ಗುರುನ ಸಪ್ಪಳ ಕೇಳವಲ್ದು."

"ಯಾವ ಗುರುಗಳ್ರಿ? ಮುಂಜಾನೆ ಪ್ರವಚನ ಬರ್ತೈತೇನ್ರಿ?"

"ಮ್ಯಾಲಿನಂವ ಲೇ. ಗ್ರಹ."

ನಾನು ನಕ್ಕೆ. ಅವರು ನಗಲಿಲ್ಲ. ಮೇಜಿನ ಮೇಲಿದ್ದ ಹಳೆಯ ಪೇಪರಿನ ಅಂಚಿನಲ್ಲಿ, ನನ್ನದೇ ಪೆನ್ನಿನಿಂದ, ಬಲಗೈ ಒಂದರಿಂದಲೇ ಒಂದು ದೊಡ್ಡ ಸುತ್ತು ಬರೆದು ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟರು. ಸುತ್ತು ಎಂದರೆ ಗುರು, ಚುಕ್ಕೆ ಎಂದರೆ ಅವನ ಚಂದ್ರಗಳಲ್ಲೊಂದಾದ ಅಯೋ. ಆ ಚಂದ್ರ ತನ್ನ ದಾರಿಯ ಕೆಲವು ಜಾಗಗಳಿಗೆ ಬಂದಾಗ, ಗುರುವಿನ ಇಂಥ ಮೈಯೇ ನಮ್ಮ ಕಡೆ ಇದ್ದರೆ, ಅಲ್ಲಿ ರೇಡಿಯೋ ಅಲೆಗಳ ಗದ್ದಲ ಏಳುತ್ತದೆ. ಅದು ಹಳೆಯ ಶಾರ್ಟ್‌ವೇವ್ ಕೇಂದ್ರಗಳು ಬರುತ್ತಿದ್ದ ಪಟ್ಟಿಯಲ್ಲೇ ಬರುವುದರಿಂದ ನಾಲ್ಕು ಪಿವಿಸಿ ಪೈಪು, ಎರಡು ತಂತಿ, ಒಂದು ಸಣ್ಣ ರಿಸೀವರ್ ಇದ್ದರೆ ಮನುಷ್ಯನ ಕಿವಿಗೂ ಸಿಗುತ್ತದೆ. ಸೂರ್ಯ ಹುಟ್ಟುವ ಮೊದಲು ಆಕಾಶ ತಿಳಿಯಾಗಿರಬೇಕು, ಸುತ್ತಮುತ್ತ ಕರೆಂಟಿನ ಗೊಜಲು ಇರಬಾರದು, ಅಷ್ಟೇ. ಅದಕ್ಕೇ ಅವರು ನವಲಗುಂದದ ದಾರಿಯಲ್ಲಿ, ಒಂದು ಮರವೂ ಇಲ್ಲದ ಎರೆಹೊಲದ ಮೂಲೆಯೊಂದನ್ನು ವರ್ಷಕ್ಕಿಷ್ಟು ಬಾಡಿಗೆ ಎಂದು ಲಾವಣಿಗೆ ಹಿಡಿದಿದ್ದರು.

ಆ ಮೂಲೆಯಲ್ಲಿ ಅವರು ಏನನ್ನೂ ಬಿತ್ತುತ್ತಿರಲಿಲ್ಲ. ಚಕ್ಕಡಿಯಲ್ಲಿ ಹೋಗುವವರು ಎತ್ತು ನಿಲ್ಲಿಸಿ ಕೇಳುತ್ತಿದ್ದರು: "ಕಾಕಾ, ಈ ವರ್ಷ ತಂತಿ ಪೀಕು ಹೆಂಗೈತ್ರಿ?"

"ಹೂವು ಬಿಟ್ಟೈತಿ. ಕಾಯಿ ಕಟ್ಟಬೇಕು" ಎನ್ನುತ್ತಿದ್ದರು ಕಾಕಾ, ಕತ್ತು ಎತ್ತದೆ.

ಹೆಣ್ಣುಮಕ್ಕಳ ಮದುವೆ ಕೂಡಿಬರದ ತಾಯಂದಿರು ಅವರ ಮನೆಗೆ ಬರುತ್ತಿದ್ದರು. ಗುರುವಿನ ಮಾತು ಕೇಳುವವರಿಗೆ ಗುರುಬಲ ಗೊತ್ತಿರದೇ ಇರುತ್ತದೆಯೇ ಎಂಬುದು ಅವರ ನಂಬಿಕೆ. "ನನ್ನ ಮಗಳಿಗೆ ಯಾವಾಗ ಕೂಡತೈತ್ರಿ?" ಎಂದು ಒಬ್ಬಾಕೆ ಕೇಳಿದಾಗ ನಾನು ಅಲ್ಲೇ ಇದ್ದೆ. ಕಾಕಾ, "ಯವ್ವಾ, ಅವ ನನ್ನ ಕೂಡ ಮಾತಾಡಂಗಿಲ್ಲ. ಅವಂದು ಅವಗ ನಡದಿರ್ತೈತಿ. ನಾ ಕದಕ್ಕ ಕಿವಿ ಹಚ್ಚಿ ನಿಂತಾಂವ" ಎಂದರು. ಆಕೆ ಅದನ್ನೇ ಒಳ್ಳೆಯ ಸೂಚನೆ ಎಂದುಕೊಂಡು ಎರಡು ತೆಂಗಿನಕಾಯಿ ಇಟ್ಟು ಹೋದಳು.

ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ತಂಗಿಯ ಮಗಳ ಮನೆಯ ಹಿಂದಿನ ಖೋಲಿಯಲ್ಲಿ ಅವರ ವಾಸ. ಅಲ್ಲಿ ಒಂದು ಮಂಚ, ಎಕ್ಸ್‌ಚೇಂಜಿನಿಂದ ಬಂದ ತಂತಿಯ ಸುರುಳಿಗಳು, ತಾವೇ ಕೂಡಿಸಿದ ಬುತ್ತಿಡಬ್ಬಿಯಷ್ಟು ಗಾತ್ರದ ರಿಸೀವರ್, ಮತ್ತು ಉದ್ದನೆಯ ರಟ್ಟಿನ ನೋಟುಬುಕ್ಕು ಇದ್ದವು. ನೋಟುಬುಕ್ಕಿನಲ್ಲಿ ಸ್ಕೇಲು ಇಟ್ಟು ಎಳೆದ ನಾಲ್ಕು ಕಾಲಂ: ದಿನ, ಹೊತ್ತು, ಏನು ಕೇಳಿಸಿತು, ಕೇಳಿದವರು. ಮೂರನೆಯ ಕಾಲಮ್ಮಿನಲ್ಲಿ ಪುಟಗಟ್ಟಲೆ ಒಂದೇ ಮಾತು, 'ಏನೂ ಇಲ್ಲ'. ನಡುವೆ ಎಲ್ಲೋ 'ಅಲೆ, ಸಣ್ಣಗೆ' ಎಂದೋ 'ತಗಡಿನ ಮೇಲೆ ಹರಳು ಎರಚಿದಂತೆ' ಎಂದೋ ಬರುತ್ತಿತ್ತು. ನಾಲ್ಕನೆಯ ಕಾಲಮ್ಮಿನಲ್ಲಿ ಮಾತ್ರ ಮೊದಲ ಪುಟದಿಂದಲೂ ಅವರ ಹೆಸರಿನ ಎರಡೇ ಅಕ್ಷರಗಳು. ಬೇರೆ ಯಾರ ಹೆಸರೂ ಇಲ್ಲ.

ಅವರ ದುಃಖವೆಲ್ಲ ಆ ಕಾಲಮ್ಮಿನಲ್ಲೇ ಇತ್ತು.

"ಒಂದು ಕಿವಿ ಕೇಳಿದ್ದು ಭ್ರಮಾ ಇರಬಹುದು. ಎರಡು ಕಿವಿ ಕೇಳಿದ್ರ ಅದು ಸುದ್ದಿ" ಎನ್ನುತ್ತಿದ್ದರು.

"ಮೊಬೈಲಿನ್ಯಾಗ ರೆಕಾರ್ಡ್ ಆಗಿರ್ತೈತಲ್ರಿ?"

"ಯಂತ್ರ ಹಿಡೀತೈತಿ. ಕೇಳಂಗಿಲ್ಲ."

ಹೊರದೇಶದಲ್ಲಿ ಇದೇ ಹವ್ಯಾಸದ ಕೆಲವರಿಗೆ ಇಮೇಲ್ ಬರೆದಿದ್ದರು. ಆದರೆ ನಮ್ಮ ನೆತ್ತಿಯ ಮೇಲೆ ಗುರು ಇರುವಾಗ ಅವರ ಊರುಗಳಲ್ಲಿ ಅವನು ಮುಳುಗಿರುತ್ತಿದ್ದ. ಒಬ್ಬರು ಮಾತ್ರ 'ಚೆನ್ನಾಗಿದೆ, ಮುಂದುವರಿಸಿ' ಎಂದು ಉತ್ತರ ಕೊಟ್ಟಿದ್ದರು. ಅದನ್ನು ಪ್ರಿಂಟು ತೆಗೆಸಿ ನೋಟುಬುಕ್ಕಿನಲ್ಲಿ ಮಡಿಸಿಟ್ಟಿದ್ದರು. ಊರಿನವರನ್ನು ಕರೆದುಕೊಂಡು ಹೋದ ದಿನಗಳಲ್ಲಿ ಗುರು ಬಾಯಿ ಬಿಡುತ್ತಿರಲಿಲ್ಲ. ತಂಗಿಯ ಅಳಿಯ ಹೆಡ್‌ಫೋನ್ ಹಾಕಿಕೊಂಡೇ ನಿದ್ದೆ ಹೋದ. ಹೈಸ್ಕೂಲಿನ ವಿಜ್ಞಾನದ ಮಾಸ್ತರರು ಒಂದು ತಾಸು ಕುಳಿತು, "ಹಂಚು ಕಾಯ್ದಂಗ ಸುಂಯ್ ಅಂತೈತ್ರಿ, ರೊಟ್ಟಿ ಮಾತ್ರ ಬೀಳವಲ್ದು" ಎಂದು ಎದ್ದು ಹೋದರು. ಅಂಥ ದಿನ ಕಾಕಾ ಪೈಪುಗಳನ್ನು ಒಂದೊಂದಾಗಿ ಇಳಿಸಿ, ಸೈಕಲ್ಲಿಗೆ ಕಟ್ಟಿ, ತಳ್ಳಿಕೊಂಡು ಬರುತ್ತಿದ್ದರು.

ಅವರ ತಕರಾರನ್ನು ನಾನು ಹೇಗೋ ಬಗೆಹರಿಸಿದೆ. ಬೇಲಿಯ ರೈತನ ಜೊತೆ ಮಾತಾಡಿದೆ. ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ ಹಂದಿಗಳು ಹಿಂದಿರುಗಿರುತ್ತವೆ, ಆಮೇಲೆ ಎರಡು ತಾಸು ಮಷಿನ್ ಬಂದ್ ಮಾಡಿದರೆ ಏನೂ ಹೋಗುವುದಿಲ್ಲ ಎಂದೆ. ಅವನು ಒಪ್ಪಿದ. ಬದಲಿಗೆ ಕಾಕಾ ಅವನ ಪಂಪಿನ ಸ್ಟಾರ್ಟರ್ ಕೆಟ್ಟಾಗ ನೋಡಿಕೊಡುತ್ತಿದ್ದರು. ಅಂದಿನಿಂದ ಒಂದು ರೂಢಿ ಬಿತ್ತು. ಹೆಡ್‌ಫೋನಿನಲ್ಲಿ ಟಿಕ್ ಟಿಕ್ ನಿಂತರೆ ಬೇಲಿ ಸತ್ತಿದೆ ಎಂದರ್ಥ. ಕಾಕಾನ ಅಂಗಿಯ ಕಿಸೆಯಲ್ಲಿ ಟೆಸ್ಟರ್ ಇರುತ್ತಿತ್ತು, ಆದರೆ ಬೇಲಿಗೆ ಅದನ್ನು ಹಚ್ಚಿದ್ದನ್ನು ನಾನು ಕಾಣೆ. "ಕಿವಿ ಐತಲ್ಲ" ಎನ್ನುತ್ತಿದ್ದರು. ನನಗೂ ಅದು ಸರಿ ಎನಿಸುತ್ತಿತ್ತು. ಮಷಿನ್ ಮಾರುವವನೇ ನಾನು.

ಆ ವರ್ಷ ಗುರು ಮಿಥುನದಲ್ಲಿದ್ದ. ಗೋವಿನಜೋಳ ತೆನೆಗಟ್ಟಿ ನಿಂತಿದ್ದ ದಿನಗಳು. ಹಿಂದಿನ ದಿನ ಸಂಜೆ ಬೇಲಿಯ ರೈತ ಝಟಕಾ ಮಷಿನ್ನಿನ ಬ್ಯಾಟರಿಯನ್ನು ಗಾಡಿಯ ಮೇಲೆ ಹೇರಿಕೊಂಡು ನನ್ನ ಅಂಗಡಿಗೆ ಬಂದಿದ್ದ. ನೋಡಿದೆ, ಚಾರ್ಜು ನಿಲ್ಲುತ್ತಿರಲಿಲ್ಲ.

"ಎರಡು ದಿನ ಬೇಕ್ರಿ" ಎಂದೆ.

"ಎರಡು ದಿನ ಹಂದಿ ಸುಮ್ನಿರ್ತಾವೇನ್ರಿ?"

"ಡಬ್ಬಿ ಬಾರಸ್ರಿ" ಎಂದು ನಕ್ಕೆ.

ಅವನು ನಗದೆ ಹೋದ. ಆ ಮುಖವನ್ನು ನಾನು ಸರಿಯಾಗಿ ನೋಡಬೇಕಿತ್ತು.

ಮರುದಿನ ಬೆಳಕು ಹರಿಯುವ ಮೊದಲು ಕಾಕಾನ ಜೊತೆ ಹೊಲಕ್ಕೆ ಹೋದೆ. ಅವರ ಲೆಕ್ಕದ ಪ್ರಕಾರ ಆ ಬೆಳಿಗ್ಗೆ ಅಯೋ ಸರಿಯಾದ ಜಾಗದಲ್ಲಿತ್ತು. ಗುರುವಿನ ಮೈಯೂ ಸರಿಯಾಗಿ ತಿರುಗಿತ್ತು. ಇಂಥ ಬೆಳಗು ವರ್ಷಕ್ಕೆ ಕೆಲವೇ ಸಿಗುತ್ತವೆ ಎಂದು ದಾರಿಯುದ್ದಕ್ಕೂ ಹೇಳಿದರು. ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಎರಡು ದಿನದ ಹಿಂದೆ ಮಳೆಯಾಗಿ ಎರೆಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಮೆತ್ತುತ್ತಿತ್ತು. ಪೈಪು ನಿಲ್ಲಿಸಿ, ತಂತಿ ಏರಿಸಿ, ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ರಿಸೀವರ್ ಇಟ್ಟು ಅದಕ್ಕೆ ಮೊಬೈಲನ್ನು ವೈರಿನಿಂದ ಜೋಡಿಸಿ ರೆಕಾರ್ಡಿಗೆ ಹಚ್ಚಿದೆವು. ಹೆಡ್‌ಫೋನನ್ನು ಅವರು ನನ್ನ ತಲೆಗೆ ಹಾಕಿದರು.

"ಇವತ್ತ ನೀ ಕೂಡು. ನಾ ಆಮ್ಯಾಲ ಕೇಳ್ತೀನಿ."

ಪೂರ್ವದಲ್ಲಿ ಗುರು ಮೇಲೇರಿದ್ದ. ಕಿವಿಯಲ್ಲಿ ಸುಂಯ್ ಎಂಬ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆಗ ದಕ್ಷಿಣದ ಪೈಪು ವಾಲತೊಡಗಿತು. ಅದರ ಹಗ್ಗ ಕಟ್ಟಿದ ಗೂಟ ಬೇಲಿಯಿಂದ ಮೊಳದಷ್ಟೇ ದೂರದಲ್ಲಿ ಬದುವಿನ ಮೇಲಿತ್ತು. ಮಣ್ಣು ಹಸಿಯಾಗಿ ಗೂಟ ಸಡಿಲಾಗಿತ್ತು. ಕಾಕಾ ಟಾರ್ಚು ಹಿಡಿದು ಎದ್ದರು.

"ಟಿಕ್ ಟಿಕ್ ಐತೇನು ನೋಡು."

"ಇಲ್ರಿ. ಬೇಲಿ ಬಂದ್ ಐತಿ. ಅದರ ಬ್ಯಾಟರಿ ನನ್ನ ಅಂಗಡ್ಯಾಗ ಕುಂತೈತ್ರಿ."

"ಮತ್ತೇನು" ಎಂದು ಹೋದರು. ಎಡಗೈ ಕಿಸೆಯಲ್ಲಿತ್ತು.

ಝಟಕಾ ಮಷಿನ್ನು ಟಿಕ್ ಅನ್ನುತ್ತದೆ. ಕಂಬದ ಕರೆಂಟನ್ನು ನೇರವಾಗಿ ತಂತಿಗೆ ಹಚ್ಚಿದರೆ ಅದು ನಮ್ಮ ರಿಸೀವರಿನಲ್ಲಿ ಏನೂ ಅನ್ನುವುದಿಲ್ಲ. ರೈತ ಎರಡು ದಿನದ ಮಟ್ಟಿಗೆ ಎಂದು ಪಂಪ್‌ಸೆಟ್ಟಿನ ಖೋಲಿಯಿಂದ ಒಂದು ವೈರು ಎಳೆದು ಬೇಲಿಗೆ ಸುತ್ತಿದ್ದ. ಸದ್ದಿಲ್ಲದ ಬೇಲಿಯನ್ನು ಸತ್ತ ಬೇಲಿ ಎಂದು ತಿಳಿಯುವ ತಪ್ಪನ್ನು ಆ ಸೀಮೆಯಲ್ಲಿ ನಾವಿಬ್ಬರೇ ಮಾಡಬಹುದಿತ್ತು. ಬೇರೆಯವರು ಬೇಲಿಯನ್ನು ಕಿವಿಯಿಂದ ನೋಡುತ್ತಿರಲಿಲ್ಲ. ಗೂಟ ಭದ್ರ ಮಾಡಲು ಬಗ್ಗಿದ ಕಾಕಾನ ಬಲಗೈ ಆ ತಂತಿಗೆ ಅಂಟಿಕೊಂಡಿತು.

ನಾನು ಪಿವಿಸಿ ಪೈಪು ಹಿಡಿದು ಓಡಿದ್ದು ನೆನಪಿದೆ. ಜಾಸ್ತಿಯಾಗಿ ಉಳಿದಿದ್ದ ಒಂದು ಪೈಪು ತಾಡಪತ್ರಿಯ ಪಕ್ಕದಲ್ಲೇ ಬಿದ್ದಿತ್ತು. ಆದರೆ ಅದಕ್ಕೂ ಮೊದಲು ಬರಿಗೈಯಲ್ಲೇ ನಾಲ್ಕು ಹೆಜ್ಜೆ ಓಡಿದ್ದೆ. ಕೈ ಮುಂದೆ ಚಾಚಿತ್ತು. ಅವರ ಭುಜ ಹಿಡಿದು ಎಳೆಯುವುದೇ ಆ ಕೈಯ ಉದ್ದೇಶ. ಆಗ ಟಾರ್ಚಿನ ಬೆಳಕಿನಲ್ಲಿ ಅವರ ಎಡಗೈ ಕಂಡಿತು, ಇನ್ನೂ ಕಿಸೆಯಲ್ಲೇ ಇತ್ತು. ನಿಂತೆ. ತಿರುಗಿ ಹೋಗಿ ಪೈಪು ತಂದೆ. ಅದರಿಂದ ಹೊಡೆದು ಬಲಗೈಯನ್ನು ತಂತಿಯಿಂದ ಬಿಡಿಸಿದೆ. ಅವರು ಗೂಟದ ಮೇಲೆ ಬಿದ್ದರು. ಮಲಗಿದಾಗ ಕಣ್ಣು ಮುಚ್ಚಿದರೆ ಇವತ್ತಿಗೂ ಆ ನಾಲ್ಕು ಹೆಜ್ಜೆ ಮತ್ತೆ ನಡೆಯುತ್ತೇನೆ. ಕೆಲವು ಸಲ ಐದನೆಯ ಹೆಜ್ಜೆಯನ್ನೂ ಇಡುತ್ತೇನೆ. ಆಗ ಎಚ್ಚರವಾಗುತ್ತದೆ.

ನನ್ನ ಕೂಗು ಕೇಳಿ ರೈತ ಓಡಿ ಬಂದ. ಕಾಕಾನನ್ನು ನೋಡಿದ, ಬೇಲಿಯನ್ನು ನೋಡಿದ, ಪಂಪ್‌ಸೆಟ್ಟಿನ ಖೋಲಿಗೆ ಓಡಿ ವೈರು ಕಿತ್ತ. ಬಂದು ಅವರ ಕಾಲ ಬಳಿ ಕುಳಿತು, "ಹಂದಿಗಿ ಹಾಕಿದ್ನಿರಿ, ಹಂದಿಗಿ" ಎಂದು ಒಂದೇ ಮಾತನ್ನು ಹೇಳುತ್ತಿದ್ದ. ಅವನ ಟ್ರ್ಯಾಕ್ಟರಿನಲ್ಲೇ ಅವರನ್ನು ಅಣ್ಣಿಗೇರಿಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಸಾಗಿಸಿದೆವು. ಬಲಗೈಯ ಎರಡು ಬೆರಳು ಸುಟ್ಟಿದ್ದವು. ಇನ್ನೊಂದು ಕೈಯೂ ತಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಪೊಲೀಸರು ಬಂದು ಕೇಳಿದಾಗ ಕಾಕಾ, "ಬೇಲಿ ನೋಡದ ಹೋಗಿ ಮುಟ್ಟಿದ್ದು ನಂದ ತಪ್ಪು, ಬರ್ಕೋರಿ" ಎಂದರು. ರೈತ ಅಂದಿನಿಂದ ನೇರ ಕರೆಂಟಿನ ಗೊಡವೆಗೆ ಹೋಗಲಿಲ್ಲ. ಆ ಸುಗ್ಗಿ ಮುಗಿಯುವವರೆಗೂ ರಾತ್ರಿಯೆಲ್ಲ ಡಬ್ಬಿ ಬಾರಿಸಿದ.

ನಾನು ಹೊಲಕ್ಕೆ ಮರಳಿದಾಗ ಹೊತ್ತು ಏರಿತ್ತು. ಮೊಬೈಲು ಚಾರ್ಜು ತೀರಿ ಆರಿತ್ತು. ಮನೆಗೆ ತಂದು ಹಚ್ಚಿ ನೋಡಿದೆ. ಮುಕ್ಕಾಲು ತಾಸಿನ ಅಲೆಗಳು ಅದರಲ್ಲಿದ್ದವು. ಸಮುದ್ರವನ್ನು ನೋಡದವನಿಗೂ ಸಮುದ್ರ ಎಂದು ತಿಳಿಯುವಂಥ ಸದ್ದು, ಏರಿ, ಒಡೆದು, ಹಿಂದೆ ಸರಿದು, ಮತ್ತೆ ಏರಿ. ನಾನು ಕೂಗಿದ್ದಾಗಲಿ ಅವರು ಬಿದ್ದದ್ದಾಗಲಿ ರೈತ ಅತ್ತದ್ದಾಗಲಿ ಅದರಲ್ಲಿ ಇರಲಿಲ್ಲ. ರಿಸೀವರಿಗೆ ಆಕಾಶದ ಕಡೆಗೊಂದೇ ಕಿವಿ. ಅವರ ಆಯುಷ್ಯದಲ್ಲೇ ಗುರು ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಅದೂ ಯಾರೂ ಇಲ್ಲದ ಹೊಲದಲ್ಲಿ, ಖಾಲಿ ತಾಡಪತ್ರಿಗೆ.

ನಾಲ್ಕನೆಯ ದಿನ ಅದನ್ನು ಆಸ್ಪತ್ರೆಗೆ ಒಯ್ದು ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮುಗಿದ ಮೇಲೆ ಮೊದಲಿನಿಂದ ಸ್ವಲ್ಪ ಇನ್ನೊಮ್ಮೆ ಹಚ್ಚು ಎಂದರು. ಹಚ್ಚಿದೆ. ಆಮೇಲೆ ನನ್ನನ್ನು ನೋಡಿದರು.

"ನಿನ್ನ ಕಿವಿಗಿ ಬಿತ್ತೇನು?"

"ಇಲ್ರಿ ಕಾಕಾ."

"ಒಂದು ಅಲೆನೂ?"

"ಇಲ್ರಿ. ಅಷ್ಟರಾಗ ನಾ ಓಡಿ ಬಂದಿದ್ನಿ."

"ಆತು ಬಿಡು" ಎಂದರು. "ಊಟ ಮಾಡೀಯೇನು?"

ನಾನು ಹೇಳಿದ್ದು ಸುಳ್ಳು. ನಾನು ಕೇಳಿದ್ದೆ. ಮೊದಲ ಅಲೆ ಎದ್ದಾಗ ಏನೆಂದು ತಿಳಿಯಲಿಲ್ಲ. ಎರಡನೆಯದಕ್ಕೆ ಮೈ ಜುಂ ಎಂದಿತು. ಆಮೇಲಿನವುಗಳಿಗೆ ನಾನು ಕಣ್ಣು ಮುಚ್ಚಿ ತಲೆ ಬಾಗಿಸಿ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಿದ್ದೆ. ಕಾಕಾನನ್ನು ಕರೆಯೋಣವೆಂದು ಕಣ್ಣು ತೆರೆದಾಗ ಅವರ ಟಾರ್ಚು ನೆಲದ ಮೇಲಿತ್ತು, ಬೆಳಕು ಅವರ ಕಾಲಿನ ಮೇಲೆ ಬಿದ್ದಿತ್ತು. ಅವರು ಯಾವ ಅಲೆಗೆ ತಂತಿ ಮುಟ್ಟಿದರು? ಮೊದಲನೆಯದಕ್ಕೋ, ಕೊನೆಯದಕ್ಕೋ? ನಾನು ಕಣ್ಣು ಮುಚ್ಚಿ ಸುಖಪಡುತ್ತಿದ್ದಾಗ ಅವರು ಎಷ್ಟು ಹೊತ್ತು ಅಲ್ಲಿ ಅಂಟಿಕೊಂಡಿದ್ದರು? ಕೇಳಿದೆ ಎಂದು ಒಪ್ಪಿಕೊಂಡರೆ ಇದನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು. ಹಾಗಾಗಿ ಇಲ್ಲ ಎಂದೆ. ವರ್ಷಗಟ್ಟಲೆ ಅವರು ಹುಡುಕಿದ ಎರಡನೆಯ ಕಿವಿ ಮಂಚದ ಪಕ್ಕದಲ್ಲೇ ಕುಳಿತು, ನಾನಲ್ಲ ಎಂದಿತು.

ಆಮೇಲೆ ಅವರು ಹೊಲಕ್ಕೆ ಹೋಗಲಿಲ್ಲ. ಬೆರಳು ಮಡಚಲು ಬರುತ್ತಿರಲಿಲ್ಲ, ಗಂಟು ಕಟ್ಟಲಾಗುತ್ತಿರಲಿಲ್ಲ. ನಾನು ವಾರಕ್ಕೊಮ್ಮೆ ಹೋಗಿ ಕೂಡುತ್ತಿದ್ದೆ. ಮಳೆ, ಬೆಲೆ, ಕರೆಂಟು ತೆಗೆಯುವ ಹೊತ್ತು ಎಲ್ಲವನ್ನೂ ಮಾತಾಡಿದೆವು. ಗುರುವಿನ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪ್ರತಿ ಸಲ ಏಳುವಾಗ ಬಾಯಿಗೆ ಬರುತ್ತಿತ್ತು. ಪ್ರತಿ ಸಲ ಚಪ್ಪಲಿ ಹಾಕಿಕೊಂಡು ಬರುತ್ತಿದ್ದೆ. ಅಂಥ ಒಂದು ವಾರದಲ್ಲಿ ಅವರು ಹೋದರು.

ದಿನಕರ್ಮಗಳು ಮುಗಿದ ಮೇಲೆ ತಂಗಿಯ ಮಗಳು ಅಂಗಡಿಗೆ ಬಂದು ನೋಟುಬುಕ್ಕು ಕೊಟ್ಟಳು.

"ಬೇಲಿ ಅಂಗಡಿ ತಮ್ಮಗ ಕೊಡು, ಅವಂದು ಒಂದು ಕೆಲಸ ಉಳದೈತಿ ಅಂದಿದ್ರು ಮಾಮಾ. ಏನ್ರಿ ಅದು?"

ಗೊತ್ತಿಲ್ಲವೆಂದೆ.

ಅವಳು ಹೋದ ಮೇಲೆ ಕೊನೆಯ ಪುಟ ತೆರೆದೆ. ಆ ಬೆಳಗಿನ ಸಾಲು ಅಲ್ಲಿತ್ತು. ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರಗಳು. ಕಿಸೆಯ ಕೈ ಕೊನೆಗೂ ಹೊರಗೆ ಬಂದು ಬರೆದಿತ್ತು. ದಿನ, ಹೊತ್ತು ಸರಿಯಾಗಿದ್ದವು. ಮೂರನೆಯ ಕಾಲಮ್ಮಿನಲ್ಲಿ, 'ಐದು ಅಲೆ. ಆಮೇಲೆ ಖಟ್.' ನಾಲ್ಕನೆಯದು ಖಾಲಿ.

ಮೊಬೈಲಿನ ರೆಕಾರ್ಡನ್ನು ಮತ್ತೆ ಹಚ್ಚಿದೆ. ಸುಂಯ್ ಎಂಬ ಸದ್ದು. ಒಂದು ಅಲೆ, ಎರಡು, ಮೂರು, ನಾಲ್ಕು, ಐದು. ಅಲ್ಲಿ ಸಣ್ಣದಾಗಿ ಒಂದು ಖಟ್. ಎಷ್ಟೋ ಸಲ ಕೇಳಿದ್ದರೂ ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ನಾನು ಎದ್ದು ಓಡಿದಾಗ ಹೆಡ್‌ಫೋನಿನ ಪಿನ್ನು ರಿಸೀವರಿನಿಂದ ಕಿತ್ತು ಬಂದ ಸದ್ದು ಅದು. ಐದನೆಯ ಅಲೆಯವರೆಗೂ ಆ ಹೆಡ್‌ಫೋನು ಒಂದು ತಲೆಯ ಮೇಲಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ತಂತಿಯ ಸದ್ದು ಕೇಳುತ್ತಲೇ ಬಾಳಿದ ಮನುಷ್ಯ ಆಸ್ಪತ್ರೆಯಲ್ಲಿ ಅದನ್ನು ಮೊದಲ ಸಲಕ್ಕೇ ಕೇಳಿದ್ದರು, ಎರಡನೆಯ ಸಲ ಎಣಿಸಿದ್ದರು. ಎಣಿಸಿ, ಆಮೇಲೆ ನನ್ನನ್ನು ಕೇಳಿದ್ದರು. ನಾನು ಇಲ್ಲವೆಂದಾಗ ಊಟ ಮಾಡಿದೆಯಾ ಎಂದಿದ್ದರು.

ಹೊರಗೆ ಗಿರಾಕಿಯೊಬ್ಬ ಮಷಿನ್ ಹಿಡಿದು ನಿಂತಿದ್ದ. ಸ್ವಲ್ಪ ತಡೀರಿ ಎಂದೆ. ಪೆನ್ನು ತೆಗೆದು ನಾಲ್ಕನೆಯ ಕಾಲಮ್ಮಿನಲ್ಲಿ ನನ್ನ ಹೆಸರು ಬರೆದೆ. ಅಕ್ಷರ ಎರಡೇ ಅಲ್ಲ, ಪೂರ್ತಿ ಹೆಸರು. ಪಕ್ಕದಲ್ಲಿ 'ಐದೂ ಕೇಳಿದೆ' ಎಂದು ಸೇರಿಸಿದೆ.

ಬರೆದು ಮುಗಿಸಿ ನೋಡಿದರೆ ನನ್ನ ಎಡಗೈ ಕಿಸೆಯಲ್ಲಿತ್ತು.